ಮುದುಕಿಯ ಒಂಬತ್ತನೆಯ ಪ್ರಶ್ನೆ

ಮೇಲ್ಗದಗ, ಏಳನೆಯ ಕಂಬ
ಫೆಬ್ರವರಿ ೩೦, ೨೧೮೬

ಗೌರಾ ಹೊಂಬಳ ಅವರಿಗೆ,

ತಾರೀಖು ನೋಡಿದ ಕೂಡಲೇ ಯಾರೋ ಹುಡುಗಾಟ ಮಾಡಿದ್ದಾರೆ ಎಂದು ಈ ಪತ್ರವನ್ನು ಮಡಚಿ ಅತ್ತ ಎಸೆಯಬೇಡಿ. ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ಎಲ್ಲ ತಿಂಗಳಿಗೂ ಮೂವತ್ತೇ ಇರಲಿ ಎಂದು ನನ್ನ ಅಜ್ಜನ ಕಾಲದಲ್ಲಿ ತೀರ್ಮಾನವಾಯಿತು. ವರ್ಷದ ಕೊನೆಗೆ ಉಳಿಯುವ ಐದು ದಿನಗಳನ್ನು ಬಿಡುದಿನ ಎನ್ನುತ್ತೇವೆ, ಆಗ ಯಾರೂ ಯಾರಿಗೂ ಕೆಲಸ ಹೇಳುವಂತಿಲ್ಲ. ನನ್ನ ಮಾತು ನಿಮಗೆ ಬಿಗಿಯಾಗಿ ಕೇಳಿಸಿದರೆ ಅದಕ್ಕೂ ಕ್ಷಮೆ ಇರಲಿ. ನಿಮ್ಮ ಕಾಲದ ಕನ್ನಡವನ್ನು ನಾನು ಅಚ್ಚಾದ ಪುಸ್ತಕಗಳಿಂದ ಕಲಿತವಳು. ನಾವು ದಿನವೂ ಆಡುವುದು ಸಮನುಡಿ. ಎಲ್ಲರ ಕಿವಿಯಲ್ಲೂ ಕಡಲೆಯಷ್ಟು ದೊಡ್ಡ ಒಂದು ಮಣಿ ಇರುತ್ತದೆ, ಕಿವಿಮಣಿ. ಎದುರಿನವರು ಯಾವ ಊರಿನ ಮಾತಾಡಿದರೂ ಮಣಿ ಅದನ್ನು ಉಜ್ಜಿ, ನಯ ಮಾಡಿ, ಒಂದೇ ಥರದ ಕನ್ನಡವಾಗಿ ಒಳಗೆ ಬಿಡುತ್ತದೆ. ಮೂರು ತಲೆಮಾರು ಹೀಗೆ ಕೇಳಿಸಿಕೊಂಡ ಮೇಲೆ ಎಲ್ಲರೂ ಹಾಗೆಯೇ ಮಾತಾಡತೊಡಗಿದರು. ನಿಮ್ಮ ಗದಗ ಬೆಟಗೇರಿಯ ಮಾತು ಈಗ ಇರುವುದು ಒಬ್ಬರ ಬಾಯಲ್ಲಿ ಮಾತ್ರ. ಅವನು ನನ್ನ ಅಪ್ಪ, ತೊಂಬತ್ತೊಂದು ವರ್ಷದವನು, ಮತ್ತು ಅವನು ಊಟ ಬಿಡುತ್ತಿದ್ದಾನೆ.

ನಾನು ಯಾರೆಂದು ಹೇಳಬೇಕು. ನನ್ನ ಹೆಸರು ನೀಲಗಂಗಾ ಯಳವತ್ತಿ. ವಯಸ್ಸು ಅರವತ್ತೆರಡು. ನಿಮಗೂ ನನಗೂ ರಕ್ತಸಂಬಂಧವಿಲ್ಲ. ಬಯಲು ಕಾದು ಕೆಂಡವಾದ ಮೇಲೆ ನಮ್ಮ ಜನ ಕಪ್ಪತಗುಡ್ಡ ಹತ್ತಿದರು. ನಿಮ್ಮ ಕಾಲದವರು ನಿಲ್ಲಿಸಿ ಹೋದ ಗಾಳಿಯಂತ್ರದ ಕಂಬಗಳ ಒಳಗೆ ಮನೆ ಮಾಡಿಕೊಂಡೆವು. ರೆಕ್ಕೆಗಳು ಎಂದೋ ಕಳಚಿಹೋಗಿವೆ, ಕಂಬಗಳು ಗಟ್ಟಿಮುಟ್ಟಾಗಿವೆ. ಮನೆ ದುಂಡಗಿರುವುದರಿಂದ ಮೂಲೆ ಎಂಬುದಿಲ್ಲ, ಮುನಿಸಿಕೊಂಡವರು ಹೋಗಿ ಕೂಡಲು ಜಾಗವಿಲ್ಲ ಎಂದು ನಮ್ಮಲ್ಲೊಂದು ತಮಾಷೆ ಇದೆ. ಕಂಬದಿಂದ ಕಂಬಕ್ಕೆ ಮಂಜುಬಲೆ ಕಟ್ಟಿರುತ್ತೇವೆ. ಬೆಳಗಿನ ಮಂಜು ಅದಕ್ಕೆ ತಾಗಿ, ಹನಿಯಾಗಿ, ಕೆಳಗಿನ ತೊಟ್ಟಿಗೆ ಇಳಿಯುತ್ತದೆ. ಅದೇ ನಮ್ಮ ನೀರು. ಹರಿದ ಬಲೆಗಳನ್ನು ಹೊಲಿಯುವುದು ನನ್ನ ಕಸುಬು. ಸೂಜಿ ದಾರ ಬಿಟ್ಟರೆ ನನಗೆ ಬೇರೆ ವಿದ್ಯೆ ಬರುವುದಿಲ್ಲ.

ಹಿಂದಿನ ಕಾಲಕ್ಕೆ ಹೋಗುವ ಅಂಚೆಗೆ ನಾವು ಹಿಂಚೆ ಎನ್ನುತ್ತೇವೆ. ಒಬ್ಬರಿಗೆ ಜನ್ಮಕ್ಕೆ ಒಂದೇ ಪತ್ರ. ಜೊತೆಗೆ ಏನನ್ನೂ ಇಡುವಂತಿಲ್ಲ, ಬರಿ ಮಾತು ಹೋಗುತ್ತದೆ. ಕೇಳಿಕೊಳ್ಳುವ ವಸ್ತು ಒಂದು ಕೈಯಲ್ಲಿ ಹಿಡಿಯುವಷ್ಟಿರಬೇಕು, ಅದರಿಂದ ಯಾರಿಗೂ ಕೆಡುಕಾಗಬಾರದು. ಉತ್ತರ ಮಾತ್ರ ಹಿಂಚೆಯಲ್ಲಿ ಬರುವುದಿಲ್ಲ. ಅದು ನಡೆದುಕೊಂಡೇ ಬರಬೇಕು, ಅಂದರೆ ನಿಮ್ಮ ಕಾಲದಿಂದ ನಮ್ಮ ಕಾಲದವರೆಗೆ ಕೊಳೆಯದೆ, ಸುಡದೆ, ಎಲ್ಲಾದರೂ ಉಳಿದಿರಬೇಕು. ನಾನು ಏನು ಕೇಳಲಿದ್ದೇನೆ ಎಂದು ಅರ್ಜಿಯಲ್ಲಿ ಓದಿ ನೋಡಿದ ಹಿಂಚೆಯ ಗುಮಾಸ್ತ ಇಂದುಧರ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. “ಅಮ್ಮಾ, ಬರುವವರೆಲ್ಲ ಸತ್ತವರ ಜೀವ ಕೇಳುತ್ತಾರೆ, ಇಲ್ಲವೇ ಬತ್ತಿದ ಹೊಳೆ ಕೇಳುತ್ತಾರೆ. ಲಗ್ನಪತ್ರಿಕೆ ಕೇಳಿದವರು ನೀವೊಬ್ಬರೇ” ಎಂದ. ನಾನು ಮುಖ ಗಂಟು ಹಾಕಿಕೊಂಡು ನಿಂತೆ. ಅವನು ಮುದ್ರೆ ಒತ್ತಿದ.

ಈಗ ವಿಷಯಕ್ಕೆ ಬರುತ್ತೇನೆ. ನೀವು ಮತ್ತು ನಿಮ್ಮ ಮೂವರು ಗೆಳೆಯರು ಬೆಟಗೇರಿಯ ನಿಮ್ಮ ಝೆರಾಕ್ಸ್ ಅಂಗಡಿಯ ಹಿಂಬದಿಯಲ್ಲಿ ಕೂತು, ಆರು ವರ್ಷ ಹೆಣಗಿ, ದೆವ್ವಗಳನ್ನು ಕರೆಯುವ ಒಂದು ಜಪಾನಿ ವಿಡಿಯೋ ಗೇಮಿಗೆ ಕನ್ನಡ ಕೊಟ್ಟಿರಿ. ‘ಕರೆದರೆ ಬರುವವರು’ ಎಂದು ಅದಕ್ಕೆ ಹೆಸರಿಟ್ಟಿರಿ. ಯಾರೂ ನಿಮ್ಮನ್ನು ಕೇಳಿರಲಿಲ್ಲ, ಯಾರೂ ಬೆನ್ನು ತಟ್ಟಲಿಲ್ಲ. ಆಟ ಅವರದು, ಮಾತು ಮಾತ್ರ ನಮ್ಮದು ಎಂದು ಮೊದಲ ಪರದೆಯಲ್ಲೇ ಬರೆದಿರಿ. ಆ ಆಟದಲ್ಲಿ ದೆವ್ವಗಳನ್ನು ಹೊಡೆದು ಗೆಲ್ಲುವುದಕ್ಕಿಂತ ಮಾತಾಡಿಸಿ ಗೆಲ್ಲುವುದು ಹೆಚ್ಚು. ದೆವ್ವ ಒಂದು ಪ್ರಶ್ನೆ ಕೇಳುತ್ತದೆ, ಪರದೆಯ ಮೇಲೆ ಮೂರು ಉತ್ತರ ಕಾಣುತ್ತವೆ, ಸರಿಯಾದದ್ದನ್ನು ಆರಿಸಿದರೆ ಮುಂದಿನ ಪ್ರಶ್ನೆ, ತಪ್ಪಿದರೆ ಅದು ಮುಖ ತಿರುಗಿಸಿ ಹೋಗುತ್ತದೆ. ಎಲ್ಲ ಪ್ರಶ್ನೆಗಳಿಗೂ ಮನಸ್ಸಿಗೆ ಒಪ್ಪುವ ಉತ್ತರ ಸಿಕ್ಕರೆ ದೆವ್ವ ನಮ್ಮ ಜೊತೆ ಹೊರಟುಬಿಡುತ್ತದೆ, ಮನೆಯ ಆಳಿನಂತಲ್ಲ, ಮನೆಯ ಮಂದಿಯಂತೆ. ಇದನ್ನೆಲ್ಲ ನಿಮಗೇ ಹೇಳುವುದು ಹಾಸ್ಯಾಸ್ಪದ. ಆದರೆ ಹಿಂಚೆ ಒಮ್ಮೊಮ್ಮೆ ವಿಳಾಸ ತಪ್ಪುತ್ತದೆ. ಈ ಪತ್ರ ಬೇರೆಯವರ ಕೈಗೆ ಸಿಕ್ಕರೆ ಅವರಿಗೂ ತಿಳಿಯಲಿ ಎಂದು ಬರೆದೆ.

ಆ ಆಟದಲ್ಲಿ ಗುಡ್ಡದ ಮುದುಕಿ ಎಂಬ ದೆವ್ವವಿದೆಯಲ್ಲ, ಅವಳ ಮಾತನ್ನು ಬರೆದವರು ನೀವು. ಉಳಿದ ದೆವ್ವಗಳು ಪುಸ್ತಕದ ಕನ್ನಡ ಆಡಿದರೆ ಅವಳು ಮಾತ್ರ ನಿಮ್ಮ ಓಣಿಯ ಮಾತಾಡುತ್ತಾಳೆ. ನನ್ನ ಅಪ್ಪನಿಗೆ ಆ ಯಂತ್ರ ಅವನ ಅಜ್ಜಿಯಿಂದ ಬಂತು. ಅವಳಿಗೆ ಯಾರಿಂದ ಬಂತೋ ತಿಳಿಯದು. ಒಡೆದದ್ದನ್ನು ತೆಗೆದು ಬೇರೆಯದನ್ನು ಕೂಡಿಸಿ, ಒಳಗಿನ ಒಂದೊಂದು ಬಿಡಿಭಾಗವನ್ನೂ ಎರಡೆರಡು ಸಲ ಬದಲಿಸಿ, ಅದನ್ನು ಜೀವಂತವಾಗಿ ಇಟ್ಟಿದ್ದರು. ಅಪ್ಪ ಐದು ವರ್ಷದವನಿದ್ದಾಗಿನಿಂದ ಎಪ್ಪತ್ತರವರೆಗೂ ಆಡಿದ. ಕೆಲಸ ಮುಗಿಸಿ ಬಂದವನು ಕಿವಿಮಣಿ ತೆಗೆದು ಬಟ್ಟಲಿಗೆ ಹಾಕಿ ಅವಳ ಮುಂದೆ ಕೂತು, ಪರದೆಯ ಮಾತನ್ನು ಗಟ್ಟಿಯಾಗಿ ಓದುತ್ತಿದ್ದ. ಅವನ ಮಾತು ಆಕೆಯಿಂದ ಬಂದದ್ದು. ನನ್ನ ಅವ್ವ ಅದನ್ನು ದೆವ್ವದ ಭಾಷೆ ಎಂದು ಹಂಗಿಸುತ್ತಿದ್ದಳು.

ನಾನು ಚಿಕ್ಕವಳಿದ್ದಾಗ ಅವನ ತೊಡೆಗೆ ಒರಗಿ ಕೂತು ನೋಡುತ್ತಿದ್ದೆ. ಎಂಟು ಪ್ರಶ್ನೆಗಳವರೆಗೆ ನನಗೆ ಎಲ್ಲವೂ ಬಾಯಿಪಾಠ. ಒಂಬತ್ತನೆಯ ಪ್ರಶ್ನೆಗೆ ಮುದುಕಿಯ ಮುಖ ಪರದೆ ತುಂಬ ದೊಡ್ಡದಾಗಿ ಹತ್ತಿರ ಬರುತ್ತಿತ್ತು, ಒಂದು ಕಣ್ಣಷ್ಟೇ ನನ್ನ ತಲೆಯಷ್ಟಿರುತ್ತಿತ್ತು. ನಾನು ಪ್ರತಿ ಸಲವೂ ಕಿವಿ ಮುಚ್ಚಿಕೊಂಡು ಓಡುತ್ತಿದ್ದೆ. ಅಪ್ಪ ನಗುತ್ತ ಕರೆಯುತ್ತಿದ್ದ: “ಓಡಬ್ಯಾಡ ಬಾರವಾ, ಆಕಿ ಈಗ ನಮ್ಮಾಕಿ ಆಗ್ತಾಳ.” ನಾನು ವಾಪಸು ಬರುವ ಹೊತ್ತಿಗೆ ಅವಳು ನಮ್ಮವಳಾಗಿರುತ್ತಿದ್ದಳು. ಹೇಗಾದಳು ಎಂದು ಒಂದು ದಿನವೂ ನಾನು ನಿಂತು ನೋಡಲಿಲ್ಲ. ಈಗ ಅದೇ ನನ್ನ ಕುತ್ತಿಗೆಗೆ ಬಂದಿದೆ.

ಅಪ್ಪನಿಗೆ ನೆನಪು ಹೋಗಿ ಎರಡು ವರ್ಷವಾಯಿತು. ಮೊದಲು ಊರು ಮರೆತ, ಆಮೇಲೆ ಅವ್ವನನ್ನು, ಆಮೇಲೆ ನನ್ನನ್ನು. ಉಳಿದದ್ದು ಮುದುಕಿ. ಆದರೆ ಅವನು ಅವಳನ್ನು ಮಾತಾಡಿಸುತ್ತಿಲ್ಲ, ಅವನೇ ಅವಳಾಗಿ ಕೂತಿದ್ದಾನೆ. ನಾನು ನವಣೆ ಗಂಜಿಯ ಬಟ್ಟಲು ಹಿಡಿದು ಹೋದರೆ “ಯಾಕ ಬಂದಿ?” ಎನ್ನುತ್ತಾನೆ. “ಹಾದಿ ತಪ್ಪೀನಿ” ಎನ್ನಬೇಕು. ಆಗ ಬಾಯಿ ತೆರೆದು ಒಂದು ಚಮಚ ತೆಗೆದುಕೊಳ್ಳುತ್ತಾನೆ. “ಹೊಟ್ಟಿ ಹಸ್ತೈತೇನು?” ಎಂದರೆ “ನೀ ಉಂಡ ಮ್ಯಾಲ ನಾ ಉಣ್ತೀನಿ” ಎನ್ನಬೇಕು, ಇನ್ನೊಂದು ಚಮಚ. “ನನ್ನ ಕಂಡ್ರ ಅಂಜಿಕಿ ಬರೂದಿಲ್ಲೇನು?” ಎಂದಾಗ ಇಲ್ಲ ಎಂದಿರೋ ಕೆಲಸ ಕೆಟ್ಟಿತು, “ಅಂಜಿಕಿ ಬರತೈತಿ, ಆದ್ರೂ ಕುಂತೀನಿ” ಎನ್ನಬೇಕು. ನಾಲ್ಕನೆಯದಕ್ಕೆ ಮಾತಿಲ್ಲ, ಅವನ ಅಂಗೈ ಮೇಲೆ ಒಂದು ಚಿಟಿಕೆ ಉಪ್ಪು ಇಡಬೇಕು. ಹೀಗೆ ಎಂಟು ಪ್ರಶ್ನೆ, ಎಂಟು ಚಮಚ. ಹುಣ್ಣಿಮೆಯ ದಿನ ಆಟದಲ್ಲಿ ದೆವ್ವಗಳು ಮಾತಿಗೆ ಸಿಗುವುದಿಲ್ಲ, ಸುಮ್ಮನೆ ನಗುತ್ತವೆ. ಅಪ್ಪನೂ ಹುಣ್ಣಿಮೆಗೆ ದಿನವಿಡೀ ನಗುತ್ತಾನೆ, ಒಂದು ಹನಿಯನ್ನೂ ಮುಟ್ಟುವುದಿಲ್ಲ. ಆ ದಿನ ಕಂಬದ ಮನೆಯಲ್ಲಿ ನಾನೂ ಏನನ್ನೂ ತಿನ್ನುವುದಿಲ್ಲ.

ಎಂಟನೆಯ ಚಮಚವಾದ ಮೇಲೆ ಅವನು ನನ್ನ ಮುಖದ ಹತ್ತಿರಕ್ಕೆ ತನ್ನ ಮುಖ ತಂದು ಒಂಬತ್ತನೆಯ ಪ್ರಶ್ನೆ ಕೇಳುತ್ತಾನೆ: “ನಾ ನಿನ್ನ ಜೋಡಿ ಬಂದ್ರ, ಮುಂದ ನನ್ನ ಮರೀತೀಯೇನು?”

ನಾನು ಇಲ್ಲ ಎಂದು ನೋಡಿದೆ. ಎಂದೂ ಇಲ್ಲ ಎಂದೆ. ಹೌದು ಎಂದೂ ನೋಡಿದೆ, ಎಲ್ಲರೂ ಮರೆಯುತ್ತಾರೆ ಎಂದೆ, ಪಾದ ಹಿಡಿದೆ, ಅತ್ತೆ, ಉಪ್ಪು ಇಟ್ಟೆ, ಒಂದು ದಿನ ಸಿಟ್ಟಿಗೆದ್ದು ಬೈದೆ, ಅದಕ್ಕೆ ನನಗೆ ಈಗಲೂ ನಾಚಿಕೆಯಾಗುತ್ತದೆ. ಯಾವುದಕ್ಕೂ ಅವನು ಬಗ್ಗಲಿಲ್ಲ. ಮುಖ ಗೋಡೆಗೆ ತಿರುಗುತ್ತದೆ, ಬಾಯಿ ಮುಚ್ಚುತ್ತದೆ, ಆ ದಿನದ ಊಟ ಅಲ್ಲಿಗೆ ಮುಗಿಯಿತು. ಮರುದಿನ ಮತ್ತೆ ಮೊದಲನೆಯ ಪ್ರಶ್ನೆಯಿಂದ ಶುರು. ಎಂಟು ಚಮಚದ ಮೇಲೆ ಒಬ್ಬ ಮನುಷ್ಯ ಎಷ್ಟು ದಿನ ಬದುಕಿಯಾನು? ವೈದ್ಯೆ ಎರಡು ಸಲ ಮೂಗಿಗೆ ನಳಿಕೆ ಹಾಕಿದಳು, ಎರಡು ಸಲವೂ ಕಿತ್ತೆಸೆದ. ಅವನ ತೋಳು ಈಗ ನನ್ನ ಹೊಲಿಗೆ ಕೋಲಿನಷ್ಟಾಗಿದೆ. ಒಂಬತ್ತನೆಯದು ದಾಟಿದರೆ ಬಟ್ಟಲು ಖಾಲಿ ಮಾಡುತ್ತಾನೆಂದು ನನಗೆ ಗೊತ್ತು. ಆಟದಲ್ಲಿ ಮುದುಕಿ ಜೊತೆಗೆ ಹೊರಟ ಮೇಲೆ ಎಲ್ಲರೂ ಕೂಡಿ ಉಣ್ಣುವ ಚಿತ್ರ ಬರುತ್ತಿತ್ತು, ನಾನು ಓಡಿಹೋದವಳು ಆ ಚಿತ್ರಕ್ಕೇ ವಾಪಸು ಬರುತ್ತಿದ್ದೆ. ಯುಗಾದಿಯವರೆಗೆ ನೋಡೋಣ ಎಂದು ವೈದ್ಯೆ ಹೇಳಿದ್ದಾಳೆ. ಅವಳು ನೋಡೋಣ ಎನ್ನುವುದರ ಅರ್ಥ ನನಗೆ ಆಗದೆ ಇಲ್ಲ. ನಾಡಿದ್ದು ಹೋಳಿ ಹುಣ್ಣಿಮೆ, ಅದಾದ ಹದಿನೈದು ದಿನಕ್ಕೆ ಯುಗಾದಿ.

ಆ ಯಂತ್ರ ಎಲ್ಲಿ ಎಂದು ನೀವು ಕೇಳುತ್ತೀರಿ. ಕೇಳಬೇಕಾದದ್ದೇ. ಅದನ್ನು ನಾನು ಕರಗಿಸಿಬಿಟ್ಟೆ.

ಅಪ್ಪನಿಗೆ ಎಪ್ಪತ್ತು ತುಂಬಿದ ವರ್ಷ ಆ ಆಟದ ಹದಿನಾಲ್ಕನೆಯ ಮರುಬಿಡುಗಡೆ ಬಂತು. ಹಳೆಯ ಆಟಗಳನ್ನು ಕಂಪನಿಗಳು ಹೊಸ ಬಣ್ಣ ಬಳಿದು ಮತ್ತೆ ಮತ್ತೆ ಮಾರುವ ಚಾಳಿ ನಿಮ್ಮ ಕಾಲದಲ್ಲೇ ಶುರುವಾದದ್ದು, ಇನ್ನೂ ನಿಂತಿಲ್ಲ. ಚಿತ್ರ ಕನ್ನಡಿಯಷ್ಟು ಸ್ಪಷ್ಟ, ಕಿವಿಮಣಿಗೆ ನೇರವಾಗಿ ಕೂಡುತ್ತದೆ, ನೂರಾರು ಭಾಷೆ. ನಾನು ಬಹಳ ಸಂಭ್ರಮದಿಂದ ಅದನ್ನು ತಂದೆ. ಹೊಸದು ಬಂತಲ್ಲ ಎಂದು ಹಳೆಯ ಯಂತ್ರವನ್ನು ಅವನಿಗೆ ಕೇಳದೆ ಕರಗುಮನೆಗೆ, ಅಂದರೆ ಹಳೆಯ ಲೋಹವನ್ನು ಕುದಿಸಿ ಬಲೆಯ ಕೊಂಡಿ ಮಾಡುವಲ್ಲಿಗೆ, ಕೊಟ್ಟು ಬಂದೆ. ಅಪ್ಪ ಹೊಸ ಆಟವನ್ನು ಹಚ್ಚಿದ. ಮುದುಕಿ ಬಂದಳು, ಸಮನುಡಿಯಲ್ಲಿ ನಯವಾಗಿ ತಾವು ಬಂದ ಕಾರಣವೇನು ಎಂದು ವಿಚಾರಿಸಿದಳು. ಅಪ್ಪ ಸ್ವಲ್ಪ ಹೊತ್ತು ನೋಡಿದ. “ಭಾಳ ಛಲೋ ಐತಿ ಬಿಡವಾ” ಎಂದ. ಆಮೇಲೆ ಅದನ್ನು ಮುಟ್ಟಲಿಲ್ಲ, ಹಳೆಯದು ಎಲ್ಲಿ ಎಂದು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ನಾನು ತಪ್ಪು ಒಪ್ಪಿಕೊಳ್ಳುವ ಮೊದಲೇ ಅವನಿಗೆ ನಾನು ಯಾರೆಂಬುದೇ ಮರೆತುಹೋಯಿತು.

ಈಗ ಆ ಮರುಬಿಡುಗಡೆಯನ್ನು ತೆಗೆದು ನೋಡಿದೆ. ಅದರಲ್ಲಿ ಒಂಬತ್ತನೆಯ ಪ್ರಶ್ನೆಗೆ ಇರುವ ಉತ್ತರ ಏಳು ಸಾಲಿನ ಒಂದು ಪ್ರತಿಜ್ಞೆ. ಅದನ್ನು ಕಲಿತು, ನನಗೆ ಬರುವಷ್ಟು ಗದಗಿನ ಮಾತಿಗೆ ತಿರುಗಿಸಿ ಹೇಳಿದೆ. ಅಪ್ಪ ಅರ್ಧಕ್ಕೇ ಮುಖ ತಿರುಗಿಸಿದ. ಯಾಕೆಂದು, ನಿಮ್ಮ ಕನ್ನಡ ಆಟವನ್ನು ಹಿಂತೆಗೆದುಕೊಂಡಾಗ ನೀವು ಬರೆದ ಬೀಳ್ಕೊಡುಗೆ ಪತ್ರ ಓದಿದ ಮೇಲೆ ತಿಳಿಯಿತು. ನಿಮ್ಮ ಬಳಗದ ಕೆಲಸದಲ್ಲಿ ನಮ್ಮ ಕಾಲದವರೆಗೆ ಉಳಿದದ್ದು ಆ ಒಂದು ಅಂತರ್ಜಾಲ ಪುಟ. ಅದರಲ್ಲಿ ನೀವು ಬರೆದಿದ್ದೀರಿ: “ಮೂಲದ ಉತ್ತರ ಪರದೆಯ ಮೇಲಿನ ಮಾತಿನ ಡಬ್ಬಿಯಲ್ಲಿ ಹಿಡಿಯಲಿಲ್ಲ. ಜಪಾನಿಯವರಿಗೆ ಸಾಕಾದ ಜಾಗ ನಮಗೆ ಸಾಲಲಿಲ್ಲ. ಮುದುಕಿಯ ಒಂಬತ್ತನೆಯ ಪ್ರಶ್ನೆಗೆ ಮೂರೂ ಉತ್ತರಗಳನ್ನು ನಾನೇ ಬರೆದೆ, ಯಾರೂ ಬೈಯಬಾರದು.” ಯಾರೂ ಬೈಯುವುದಿಲ್ಲ ಗೌರಾ ಅವರೇ. ಆದರೆ ಏನು ಬರೆದಿರಿ ಎಂದು ಒಂದು ಮಾತು ಅಲ್ಲೇ ಹೇಳಿಬಿಟ್ಟಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ಆ ಪುಟದ ತಾರೀಖು ೨೦೨೭ರ ಆಗಸ್ಟ್ ಹತ್ತೊಂಬತ್ತು. ಈ ಪತ್ರ ಅದಕ್ಕೆ ಒಂದು ವಾರ ಮುಂಚೆ ನಿಮ್ಮ ಕೈ ಸೇರಬೇಕೆಂದು ಕೇಳಿಕೊಂಡಿದ್ದೇನೆ. ಮೊದಲ ಮರುಬಿಡುಗಡೆಯ ಸುದ್ದಿ ಆಗಲೇ ನಿಮಗೆ ತಲುಪಿರುತ್ತದೆ. ಅದರಲ್ಲಿ ಹನ್ನೊಂದು ಭಾಷೆಗಳಿರುತ್ತವೆ, ಕನ್ನಡ ಇರುವುದಿಲ್ಲ. ಆದರೂ ನೀವು ನಾಲ್ವರು ಸೇರಿ ನಿಮ್ಮದನ್ನು ಎಲ್ಲ ಕಡೆಯಿಂದ ತೆಗೆದುಹಾಕಲು ತೀರ್ಮಾನಿಸುತ್ತೀರಿ, ಇಳಿಸಿಕೊಂಡವರೂ ಅಳಿಸಿಬಿಡಿ ಎಂದು ಕೈಮುಗಿಯುತ್ತೀರಿ. ಹಕ್ಕಿನವರು ಬಂದಾಗ ಹವ್ಯಾಸದವರು ಜಾಗ ಬಿಡಬೇಕು ಎಂಬುದು ನಿಮ್ಮಂಥವರ ಕಟ್ಟುಪಾಡಂತೆ. ಯಾರೂ ಹೆದರಿಸಿರಲಿಲ್ಲ, ಒಂದು ನೋಟೀಸೂ ಬಂದಿರಲಿಲ್ಲ. ಬರಿ ಮರ್ಯಾದೆಗೆ ಆರು ವರ್ಷದ ಕೆಲಸ ಅಳಿಸಿದಿರಿ, ನಿಮ್ಮ ಜನವೂ ಎಂಥ ವಿಧೇಯರು, ಎಲ್ಲರೂ ಅಳಿಸಿದರು. ಅಳಿಸದೆ ಉಳಿದ ಒಂದೇ ಒಂದು ಯಂತ್ರ ನಮ್ಮ ಮನೆಯಲ್ಲಿತ್ತು. ಅದರ ಗತಿ ಹೇಳಿದೆ. ನಿಮ್ಮ ಮೇಲೆ ಸಿಟ್ಟು ಮಾಡುವ ಮುಖ ನನಗಿಲ್ಲ.

ನಿಮ್ಮ ಕಟ್ಟುಪಾಡು ಮುರಿಯಿರಿ ಎಂದು ನಾನು ಕೇಳುವುದಿಲ್ಲ, ಕೇಳಿದರೂ ನೀವು ಮುರಿಯುವವರಲ್ಲ. ನಾನು ಕೇಳುವುದು ಒಂದು ಕಾರ್ಡು. ನಿಮ್ಮ ಬೀಳ್ಕೊಡುಗೆ ಪುಟದ ಕೊನೆಗೆ ಪಕ್ಕದ ಲಗ್ನಪತ್ರಿಕೆ ಪ್ರೆಸ್ಸಿನ ಚನ್ನಬಸಣ್ಣನವರಿಗೆ ಕೃತಜ್ಞತೆ ಹೇಳಿದ್ದೀರಿ. ವಧೂವರರ ಹೆಸರು ತಿದ್ದಿ ತಿದ್ದಿ ಪಳಗಿದ ಕಣ್ಣು, ನಮ್ಮ ದೆವ್ವಗಳನ್ನೂ ಅವರೇ ತಿದ್ದಿದರು ಎಂದಿದ್ದೀರಿ. ಅವರ ಪ್ರೆಸ್ಸಿನಲ್ಲಿ ಬಂದವರಿಗೆ ತೋರಿಸಲು ಒಂದು ಮಾದರಿ ಪುಸ್ತಕವಿತ್ತಲ್ಲ, ಪುಟಕ್ಕೊಂದು ಲಗ್ನಪತ್ರಿಕೆ ಹಚ್ಚಿದ್ದು, ಕೆಂಪು ರಟ್ಟಿನದು? ನಿಮ್ಮ ಇಡೀ ಓಣಿಯಿಂದ ನಮಗೆ ಬಂದ ಕಾಗದ ಅದೊಂದೇ. ಒಂದು ಕಬ್ಬಿಣದ ಟ್ರಂಕಿನಲ್ಲಿ ಸಿಕ್ಕಿತು. ಮೂರನೆಯ ಕಂಬದ ನೆನಪುಕೋಠಿಯಲ್ಲಿ, ಹಳೆಯ ವಸ್ತು ಇಡುವ ಮನೆಯಲ್ಲಿ, ಇಟ್ಟಿದ್ದಾರೆ. ಮುದುಕಿಯ ಒಂಬತ್ತನೆಯ ಪ್ರಶ್ನೆ, ಅದರ ಮೂರು ಉತ್ತರ, ಸರಿಯಾದದ್ದರ ಮುಂದೆ ಒಂದು ಗುರುತು, ಇಷ್ಟನ್ನು ಚನ್ನಬಸಣ್ಣನವರ ಕೈಯಲ್ಲಿ ಒಂದು ಕಾರ್ಡಿನ ಮೇಲೆ ಅಚ್ಚು ಹಾಕಿಸಿ ಆ ಪುಸ್ತಕದ ನಲವತ್ತೊಂದನೆಯ ಪುಟಕ್ಕೆ ಸೇರಿಸಿ. ಅವರು ಇದೆಂಥ ಲಗ್ನ ಎಂದು ಕೇಳಿದರೆ ನಕ್ಕು ಸುಮ್ಮನಾಗಿ.

ನಲವತ್ತೊಂದೇ ಯಾಕೆಂದರೆ ಈಗ ಖಾಲಿಯಿರುವ ಪುಟಗಳಲ್ಲಿ ಒಂದನ್ನು ಆರಿಸಲೇಬೇಕಿತ್ತು, ಅದನ್ನು ಆರಿಸಿದೆ. ನಾನು ದಿನವೂ ಬೆಳಿಗ್ಗೆ ಬಲೆಯ ಕೆಲಸಕ್ಕೆ ಹೋಗುವ ಮುಂಚೆ ಅದನ್ನು ತೆರೆದು ನೋಡುತ್ತೇನೆ. ಅರವತ್ತು ಪುಟಗಳಲ್ಲಿ ಗೋಂದು ಹಚ್ಚಿದ ಕಾರ್ಡುಗಳೆಲ್ಲ ಉದುರಿಹೋಗಿವೆ. ದಾರದಿಂದ ಹೊಲಿದ ಏಳೆಂಟು ದುಬಾರಿ ಕಾರ್ಡುಗಳು ಮಾತ್ರ ಹಾಗೇ ಇವೆ. ನಲವತ್ತೊಂದರಲ್ಲಿ ನಾಲ್ಕು ಮೂಲೆಗೆ ನಾಲ್ಕು ಕಂದು ಕಲೆಗಳಿವೆ, ಗೋಂದಿನವು. ಅಲ್ಲಿ ಯಾವ ಜೋಡಿಯ ಲಗ್ನಪತ್ರಿಕೆ ಇತ್ತೋ ದೇವರೇ ಬಲ್ಲ. ಆದರೆ ಒಂದು ಯೋಚನೆ ನನ್ನನ್ನು ನಾಲ್ಕು ದಿನದಿಂದ ಕೊಲ್ಲುತ್ತಿದೆ. ನೀವು ಈ ಪತ್ರವನ್ನು ಆಗಲೇ ಓದಿದ್ದರೆ? ಓದಿ, ನಂಬಿ, ಕಾರ್ಡು ಅಚ್ಚು ಹಾಕಿಸಿ, ಅವಸರದಲ್ಲಿ ಕೈಗೆ ಸಿಕ್ಕ ಗೋಂದಿನಿಂದ ಹಚ್ಚಿಬಿಟ್ಟಿದ್ದರೆ? ನನ್ನ ಅಪ್ಪನ ಊಟ ನೂರೈವತ್ತು ವರ್ಷಗಳ ಹಾದಿಯಲ್ಲಿ ಎಲ್ಲೋ ಒಂದು ಕಡೆ ಉದುರಿ ಬಿದ್ದಿದ್ದರೆ? ಇದೆಲ್ಲ ಹೇಗೆ ಕೂಡುತ್ತದೆ, ಈಗ ಹೇಳಿದರೆ ಆಗ ಬದಲಾಗುತ್ತದೆಯೇ ಎಂದು ಇಂದುಧರನನ್ನು ಕೇಳಿದೆ. “ಯಾರಿಗೂ ತಿಳಿಯದಮ್ಮಾ, ಆದರೂ ಬರೆಯಿರಿ” ಎಂದ. ಅದಕ್ಕೇ ಬರೆಯುತ್ತಿದ್ದೇನೆ. ಹೊಲಿಯಿರಿ. ನಾಲ್ಕೂ ಮೂಲೆಗೆ ಎರಡೆರಡು ಹೊಲಿಗೆ, ಹಿಂದೆ ಗಂಟು. ಬಲೆ ಹೊಲಿಯುವವಳ ಮಾತು ಕೇಳಿ, ದಾರ ಹಿಡಿದದ್ದು ನಿಲ್ಲುತ್ತದೆ.

ಇನ್ನೊಂದು ಮಾತು ಹೇಳಿಬಿಡುತ್ತೇನೆ, ಮತ್ತೆ ಹೇಳಲು ಪತ್ರವಿರುವುದಿಲ್ಲ. ಮುದುಕಿಯ ಪ್ರಶ್ನೆಯನ್ನು ಕೇಳುತ್ತಿರುವುದು ಮುದುಕಿಯಲ್ಲ, ಅಪ್ಪನೇ ಎಂದು ನನಗೆ ಕೆಲವು ಸಲ ಅನಿಸುತ್ತದೆ. ಮುಂದೆ ನನ್ನನ್ನು ಮರೆಯುತ್ತೀಯಾ ಎಂದು ಅವನು ಕೇಳುತ್ತಾನೆ, ನಾನು ಇಲ್ಲ ಎನ್ನುತ್ತೇನೆ, ಆ ಯಂತ್ರ ಕರಗಿಸಿ ಬಂದವಳ ಇಲ್ಲವನ್ನು ಅವನು ಯಾಕೆ ನಂಬಬೇಕು? ನನ್ನ ಸ್ವಂತದ ಉತ್ತರಗಳೆಲ್ಲ ಸುಳ್ಳಾಗಿ ಕೇಳಿಸುತ್ತವೆ. ನಿಮ್ಮದು ಬೇಕು. ಚಿಕ್ಕ ಡಬ್ಬಿಯೊಳಗೆ ಹಿಡಿಸಬೇಕೆಂದು ನೀವು ಕತ್ತರಿಸಿ ಕತ್ತರಿಸಿ ಉಳಿಸಿದ ಆ ನಾಲ್ಕು ಶಬ್ದ ಬೇಕು. ಈ ಸಲ ಮುಖ ಎಷ್ಟು ಹತ್ತಿರ ಬಂದರೂ ನಾನು ಓಡುವುದಿಲ್ಲ.

ಮಂಜು ಇಳಿಯಿತು, ಬಿಸಿಲು ಕಂಬಕ್ಕೆ ಬಂತು, ಗಂಜಿ ಕುದಿದಿದೆ. ಒಳಗಿನಿಂದ ಅಪ್ಪ ಆಗಲೇ ಯಾಕ ಬಂದಿ ಎಂದು ಕೇಳಲು ಶುರು ಮಾಡಿದ್ದಾನೆ, ನಾನಿನ್ನೂ ಒಳಗೆ ಹೋಗಿಯೇ ಇಲ್ಲ. ಹೋಗಿ ಹಾದಿ ತಪ್ಪೀನಿ ಎಂದು ಹೇಳಬೇಕು, ಹೇಳುತ್ತೇನೆ. ಎಂಟು ಚಮಚದವರೆಗೆ ನಾನು ನೋಡಿಕೊಳ್ಳುತ್ತೇನೆ. ಒಂಬತ್ತನೆಯದು ನಿಮ್ಮ ಕೈಯಲ್ಲಿದೆ.

ಸೂಜಿ ದಾರ ಮರೆಯಬೇಡಿ.

ನೀಲಗಂಗಾ ಯಳವತ್ತಿ